ಕೊಳಲಿನ ಹೆಸರು ಹೊತ್ತ ಪಿಸ್ತೂಲು

ಹೆಣ್ಣುಮಕ್ಕಳಿಗೆ ಇರುವಂತೆ ಶಬ್ದಗಳಿಗೂ ಒಂದು ತವರುಮನೆ ಇರುತ್ತದೆ. ಹುಟ್ಟುವುದು ಒಂದು ಕಡೆ, ಬಾಳುವುದು ಇನ್ನೊಂದು ಕಡೆ. ಹೋದ ಮನೆಯ ರೀತಿಗೆ ತಕ್ಕಂತೆ ನಡೆನುಡಿ ಬದಲಾಗುತ್ತದೆ, ಕೆಲವೊಮ್ಮೆ ಹೆಸರೇ ಬದಲಾಗುತ್ತದೆ. ನಾಲ್ಕು ತಲೆಮಾರು ಕಳೆದ ಮೇಲೆ ಆಕೆ ಯಾವ ಊರಿಂದ ಬಂದವಳು ಎಂಬುದು ಮನೆಯವರಿಗೂ ನೆನಪಿರುವುದಿಲ್ಲ. ನಾವು ದಿನಕ್ಕೆ ಹತ್ತು ಸಲ ಕಳೆದುಕೊಂಡು ಹುಡುಕುವ ಚಾವಿ ಪೋರ್ತುಗೀಜರ ಮನೆಯ ಮಗಳು. ಕಾಗದ, ಜಮೀನು, ಸರಕಾರ ಇವೆಲ್ಲ ಪಾರಸಿಯಿಂದ ಬಂದವು. ಬಂದವರು ಎಂದು ನಾವು ಅವರನ್ನು ಹೊರಗೆ ಕೂರಿಸಿಲ್ಲ. ಅವಿಲ್ಲದೆ ನಮ್ಮ ಸಂಸಾರವೇ ಸಾಗದು.

ಕನ್ನಡ ಕಲಿಸುವ ನನ್ನಂಥವರಿಗೆ ಶಬ್ದಗಳ ತವರು ಹುಡುಕುವುದು ವೃತ್ತಿಯ ಒಂದು ಭಾಗ. ವ್ಯಾಕರಣದ ಪಾಠದಲ್ಲಿ ದೇಶ್ಯ, ಅನ್ಯದೇಶ್ಯ, ತತ್ಸಮ, ತದ್ಭವ ಎಂದು ಕರಿಹಲಗೆಯ ಮೇಲೆ ನಾಲ್ಕು ಮನೆ ಬರೆಯುತ್ತೇವೆ. ಮಕ್ಕಳು ಒಂದೊಂದು ಶಬ್ದ ಹೇಳಬೇಕು, ನಾವು ಅದನ್ನು ಅದರ ಮನೆಗೆ ಸೇರಿಸಬೇಕು. ೨೦೧೫ರ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಹೀಗೆ ಪಾಠ ನಡೆದಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಅಕ್ಕೋರ, ಪಿಸ್ತೂಲು ಅನ್ನೂದು ಎಲ್ಲಿಂದ ಬಂತ್ರಿ?" ಎಂದು ಕೇಳಿದ. ತರಗತಿ ಒಮ್ಮೆಲೇ ಸುಮ್ಮನಾಯಿತು. ಆ ವಾರ ಧಾರವಾಡದ ಸುತ್ತಲಿನ ಯಾವ ಮಗುವಿಗೂ ಆ ಶಬ್ದ ಬರಿಯ ಶಬ್ದವಾಗಿರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ. ಅದು ಯುರೋಪಿನಿಂದ ಬಂದ ಅನ್ಯದೇಶ್ಯ ಶಬ್ದ ಎಂದು ಮೂರನೆಯ ಮನೆಯಲ್ಲಿ ಬರೆಯದೆ ಎರಡನೆಯ ಮನೆಯಲ್ಲಿ ಬರೆದೆ. ಆದರೆ ಯುರೋಪು ದೊಡ್ಡದು. ಅದರೊಳಗೆ ಯಾವ ಮನೆ, ಯಾವ ಕೇರಿ ಎಂಬ ಪ್ರಶ್ನೆ ನನ್ನ ಜೊತೆಗೆ ಮನೆಗೆ ಬಂತು. ಅಂದಿನಿಂದ ಬಿಡುವಾದಾಗಲೆಲ್ಲ ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಪಿಸ್ತೂಲಿಗೆ ಇಬ್ಬರು ತವರಿನವರು ಹಕ್ಕು ಹೇಳುತ್ತಾರೆ. ಒಂದು ಇಟಲಿಯ ಪಿಸ್ತೋಯಾ ಎಂಬ ಪಟ್ಟಣ. ಫ್ಲಾರೆನ್ಸ್ ನಗರಕ್ಕೆ ಸಮೀಪದ ಈ ಊರು ಲೋಹದ ಕೆಲಸಕ್ಕೆ ಹೆಸರಾಗಿತ್ತು. ಅಲ್ಲಿ ತಯಾರಾಗುತ್ತಿದ್ದ ಚಿಕ್ಕ ಬಾಕುಗಳಿಗೆ ಊರಿನ ಹೆಸರೇ ಅಂಟಿಕೊಂಡಿತು, ಆಮೇಲೆ ಆ ಹೆಸರು ಚಿಕ್ಕ ಬಂದೂಕುಗಳಿಗೂ ಬಂತು ಎಂದು ಹದಿನಾರನೆಯ ಶತಮಾನದ ಫ್ರೆಂಚ್ ವಿದ್ವಾಂಸ ಆನ್ರಿ ಎತಿಯೆನ್ ಬರೆದ. ನಮ್ಮಲ್ಲಿ ಇಳಕಲ್ಲಿನಲ್ಲಿ ನೇಯ್ದ ಸೀರೆಗೆ ಇಳಕಲ್ಲು ಎಂದೇ ಕರೆಯುತ್ತೇವಲ್ಲ, ಹಾಗೆ. ಕೇಳಲು ಚೆನ್ನಾಗಿರುವ ಈ ಮಾತನ್ನು ಬಹಳ ಕಾಲ ಜನ ನಂಬಿದರು. ಇಂದಿಗೂ ಕೆಲವರು ನಂಬುತ್ತಾರೆ.

ಇನ್ನೊಂದು ತವರು ಬೊಹೀಮಿಯಾ, ಅಂದರೆ ಇಂದಿನ ಚೆಕ್ ದೇಶ. ಶಬ್ದಗಳ ಇತಿಹಾಸ ಬಲ್ಲವರಲ್ಲಿ ಹೆಚ್ಚಿನವರು ಇಂದು ಒಲಿದಿರುವುದು ಈ ಕಡೆಗೆ. ಚೆಕ್ ಭಾಷೆಯಲ್ಲಿ ಪೀಶ್ತ್ಯಲಾ ಎಂಬ ಶಬ್ದವಿದೆ. ಅದರ ಅರ್ಥ ಕೊಳಲು, ಪೀಪಿ, ಸೀಟಿ. ಕೀರಲು ದನಿಯಲ್ಲಿ ಪೀಂಯ್ ಎನ್ನುವುದಕ್ಕೆ ಆ ಭಾಷೆಯಲ್ಲಿರುವ ಕ್ರಿಯಾಪದದ ಬಳಗಕ್ಕೆ ಸೇರಿದ ಮಾತು ಅದು. ನಾವು ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಪೀಪಿಯ ಹೆಸರು ಹೇಗೆ ಅದರ ದನಿಯಿಂದಲೇ ಹುಟ್ಟಿತೋ ಹಾಗೆಯೇ ಇದೂ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳ ತಾಯಂದಿರು ಒಂದೇ ಆಟಿಕೆಗೆ 'ಪೀ' ಎಂದೇ ಹೆಸರಿಟ್ಟಿದ್ದಾರೆ ಎಂಬುದನ್ನು ಓದಿ ನನಗೆ ನಗು ಬಂತು. ಆ ಪೀಪಿ ಪಿಸ್ತೂಲು ಆದದ್ದು ಹೇಗೆ ಎಂಬುದನ್ನು ಓದಿದಾಗ ನಗು ನಿಂತಿತು.

ಕಥೆ ಒಬ್ಬ ಉಪದೇಶಕನಿಂದ ಆರಂಭವಾಗುತ್ತದೆ. ಅವನ ಹೆಸರು ಯಾನ್ ಹುಸ್. ಪ್ರಾಗ್ ನಗರದಲ್ಲಿ ಬೆತ್ಲೆಹೆಮ್ ಎಂಬ ಪ್ರಾರ್ಥನಾಮಂದಿರವಿತ್ತು. ೧೩೯೧ರಲ್ಲಿ ಅದನ್ನು ಕಟ್ಟಿಸಿದ್ದೇ ಜನರ ಭಾಷೆಯಲ್ಲಿ ಉಪದೇಶ ನಡೆಯಲಿ ಎಂದು. ೧೪೦೨ರಿಂದ ಹುಸ್ ಅಲ್ಲಿ ಮಾತಾಡತೊಡಗಿದ. ಚರ್ಚಿನ ಭಾಷೆ ಲ್ಯಾಟಿನ್, ಮೇಲಿನವರ ಭಾಷೆ ಜರ್ಮನ್ ಆಗಿದ್ದ ಕಾಲದಲ್ಲಿ ಅವನು ಅಡುಗೆಮನೆಯ, ಸಂತೆಯ ಚೆಕ್ ಭಾಷೆಯಲ್ಲಿ ಮಾತಾಡಿದ. ಹಣ ಕೊಟ್ಟರೆ ಪಾಪಕ್ಕೆ ಕ್ಷಮೆ ಸಿಗುತ್ತದೆ ಎಂಬ ಚೀಟಿ ಮಾರುವುದನ್ನು ಖಂಡಿಸಿದ. ಕೇಳುವವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು. ಅವರಿಗಾಗಿಯೇ ಅವನು 'ಮಗಳು' ಎಂಬ ಅರ್ಥದ ಹೆಸರಿಟ್ಟು ಒಂದು ಚಿಕ್ಕ ಪುಸ್ತಕವನ್ನೂ ಚೆಕ್ ಭಾಷೆಯಲ್ಲಿ ಬರೆದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕನ್ನಡದಲ್ಲಿಯೇ ಮಾತಾಡಿದ್ದನ್ನು ಓದಿ ಬೆಳೆದ ನಮಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹುಸ್ ಇನ್ನೊಂದು ಕೆಲಸ ಮಾಡಿದನೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಚೆಕ್ ಭಾಷೆಯ ದನಿಗಳನ್ನು ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುವುದು ಕಷ್ಟವಿತ್ತು. ಒಂದು ದನಿಗೆ ಎರಡು ಮೂರು ಅಕ್ಷರ ಕೂಡಿಸಿ ಬರೆಯಬೇಕಿತ್ತು. ಅದರ ಬದಲು ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆಯನ್ನೋ ಗೀಟನ್ನೋ ಇಟ್ಟರೆ ಸಾಕು ಎಂದು ತೋರಿಸಿಕೊಟ್ಟ ಒಂದು ಬರವಣಿಗೆ ಅವನ ಹೆಸರಿನಲ್ಲಿದೆ. ಆ ಚುಕ್ಕೆಯೇ ಮುಂದೆ ಚಿಕ್ಕ ಕೊಕ್ಕೆಯಾಯಿತು. ಇಂದು ಚೆಕ್ ಮಕ್ಕಳು ಶಾಲೆಯಲ್ಲಿ ಕಲಿಯುವುದು ಆ ಗೀಟು ಕೊಕ್ಕೆಗಳನ್ನೇ. ಪೀಶ್ತ್ಯಲಾ ಎಂಬ ಶಬ್ದವನ್ನು ಅವರ ಲಿಪಿಯಲ್ಲಿ ಬರೆದು ನೋಡಿದರೆ ಅದರ ನೆತ್ತಿಯ ಮೇಲೆ ಇಂಥ ಮೂರು ಗುರುತುಗಳು ಕಾಣುತ್ತವೆ. ಮೂರು ಹೂ ಮುಡಿದ ಹಾಗೆ.

ಜನರ ಭಾಷೆಯಲ್ಲಿ ಸತ್ಯ ಹೇಳುವುದು ಯಾವ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ಕಾನ್‌ಸ್ಟನ್ಸ್ ಎಂಬ ಸರೋವರದ ದಂಡೆಯ ಊರಿನಲ್ಲಿ ಚರ್ಚಿನ ಮಹಾಸಭೆ ಕೂಡಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಸಿಗಿಸ್ಮಂಡ್ ದೊರೆ ಅಭಯಪತ್ರ ಕೊಟ್ಟಿದ್ದರಿಂದ ಹುಸ್ ೧೪೧೪ರಲ್ಲಿ ಅಲ್ಲಿಗೆ ಹೋದ. ಹೋದವನನ್ನು ಸೆರೆಯಲ್ಲಿಟ್ಟರು. ಬರೆದದ್ದನ್ನು ತಪ್ಪೆಂದು ಒಪ್ಪಿಕೋ ಎಂದರು. ಒಪ್ಪಲಿಲ್ಲ. ೧೪೧೫ರ ಜುಲೈ ೬ರಂದು ಅವನನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಬೂದಿಯನ್ನೂ ಯಾರೂ ಇಟ್ಟುಕೊಳ್ಳಬಾರದೆಂದು ರೈನ್ ನದಿಗೆ ಎಸೆದರು.

ಬೊಹೀಮಿಯಾ ಹೊತ್ತಿಕೊಂಡಿತು. ೧೪೧೯ರಲ್ಲಿ ಪ್ರಾಗ್ ನಗರದ ಜನ ದಂಗೆ ಎದ್ದರು. ಅವರನ್ನು ಅಡಗಿಸಲು ೧೪೨೦ರಿಂದ ೧೪೩೧ರವರೆಗೆ ಐದು ಸಲ ಧರ್ಮಯುದ್ಧದ ಹೆಸರಿನಲ್ಲಿ ದೊಡ್ಡ ಸೈನ್ಯಗಳು ನುಗ್ಗಿ ಬಂದವು. ಐದೂ ಸಲ ಸೋತು ಹೋದವು. ಎದುರು ನಿಂತವರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು, ಕಮ್ಮಾರರು, ಬಡಿಗರು, ಅವರ ಹೆಂಡಿರು ಮಕ್ಕಳು. ಮೈತುಂಬ ಉಕ್ಕಿನ ಕವಚ ತೊಟ್ಟು ಕುದುರೆ ಏರಿ ಬರುವ ಸರದಾರರನ್ನು ಇಂಥವರು ತಡೆದದ್ದಾದರೂ ಹೇಗೆ?

ಅವರಿಗೊಬ್ಬ ದಂಡನಾಯಕ ಸಿಕ್ಕಿದ್ದ. ಯಾನ್ ಜಿಷ್ಕಾ ಎಂದು ಹೆಸರು. ಮೊದಲೇ ಒಂದು ಕಣ್ಣು ಇರಲಿಲ್ಲ. ೧೪೨೧ರಲ್ಲಿ ಒಂದು ಕೋಟೆಯ ಮುತ್ತಿಗೆಯಲ್ಲಿ ಇನ್ನೊಂದು ಕಣ್ಣೂ ಹೋಯಿತು. ಪೂರ್ತಿ ಕುರುಡನಾದ ಮೇಲೂ ಅವನು ಯುದ್ಧಗಳನ್ನು ನಡೆಸಿ ಗೆದ್ದ. ಅವನು ಹೊಸ ಶಸ್ತ್ರಾಗಾರ ಹುಡುಕಿಕೊಂಡು ಹೋಗಲಿಲ್ಲ, ರೈತನ ಹಿತ್ತಿಲಿಗೆ ಹೋದ. ಕಾಳು ಬಡಿಯುವ ಕೋಲಿಗೆ ಕಬ್ಬಿಣದ ಮೊಳೆ ಹೊಡೆಸಿದ. ಅದು ಆಯುಧವಾಯಿತು. ಹುಲ್ಲು ಹೊರುವ ಬಂಡಿಗಳಿಗೆ ದಪ್ಪ ಹಲಗೆ ಬಡಿಸಿ ಒಂದಕ್ಕೊಂದು ಸರಪಳಿಯಿಂದ ಬಿಗಿಸಿದ. ಅದು ಕೋಟೆಯಾಯಿತು. ಆ ಬಂಡಿಗಳ ಹಲಗೆಯ ಮರೆಯಲ್ಲಿ ಕುಳಿತವರ ಕೈಗೆ ಒಂದು ಕಬ್ಬಿಣದ ಕೊಳವೆ ಕೊಟ್ಟ. ಹಿಡಿಯಲು ಅದಕ್ಕೊಂದು ಮರದ ದಾಂಡು. ಕೊಳವೆಯ ಹಿಂಭಾಗದಲ್ಲಿ ಒಂದು ತೂತು. ಒಳಗೆ ಮದ್ದು ಮತ್ತು ಗುಂಡು ತುಂಬಿ ಆ ತೂತಿಗೆ ಕೆಂಡ ಮುಟ್ಟಿಸಿದರೆ ಗುಂಡು ಹಾರುತ್ತಿತ್ತು. ಈ ಕಬ್ಬಿಣದ ಕೊಳವೆಗೇ ಆ ಜನ ಪೀಶ್ತ್ಯಲಾ ಎಂದು ಕರೆದರು. ತೂತು ಇರುವ ಕೊಳವೆ ಕಂಡಾಗ ಕುರಿ ಕಾಯುವವರಿಗೆ ಕೊಳಲಲ್ಲದೆ ಇನ್ನೇನು ನೆನಪಾದೀತು?

ಈ ಬಂಡಿಗಳಲ್ಲಿ ಹೆಂಗಸರೂ ಇದ್ದರು. ೧೪೨೦ರ ಮಾರ್ಚ್ ತಿಂಗಳಲ್ಲಿ ಸುದೊಮ್ಯೆರ್ಜ್ ಎಂಬಲ್ಲಿ ಬತ್ತಿದ ಕೆರೆಯ ಪಕ್ಕದಲ್ಲಿ ಕಾಳಗವಾಯಿತು. ಕುದುರೆಯಿಂದಿಳಿದು ನಡೆದು ಬರುತ್ತಿದ್ದ ಸರದಾರರ ಹಿಮ್ಮಡಿಯ ಮುಳ್ಳುಗಳು ಸಿಕ್ಕಿಕೊಳ್ಳಲಿ ಎಂದು ಹೆಂಗಸರು ತಮ್ಮ ತಲೆವಸ್ತ್ರಗಳನ್ನು ಕೆರೆಯಂಗಳದಲ್ಲಿ ಹಾಸಿದರು ಎಂಬ ಐತಿಹ್ಯ ಅಲ್ಲಿ ಇದೆ. ಇದು ಜನರು ಹೇಳುತ್ತ ಬಂದ ಕಥೆ. ಆದರೆ ಅದೇ ವರ್ಷ ಜುಲೈ ೧೪ರಂದು ಪ್ರಾಗ್ ನಗರದ ಪಕ್ಕದ ವೀತ್ಕೋವ್ ಗುಡ್ಡದ ಮೇಲೆ ನಡೆದದ್ದನ್ನು ಆ ಕಾಲದ ವೃತ್ತಾಂತಕಾರನೇ ಬರೆದಿಟ್ಟಿದ್ದಾನೆ. ಮರದ ಕಾವಲುಕಟ್ಟೆಯನ್ನು ಕಾಯುತ್ತಿದ್ದವರು ಒಂದು ಹಿಡಿಯಷ್ಟು ಜನ. ಅವರಲ್ಲಿ ಇಬ್ಬರು ಹೆಂಗಸರು, ಒಬ್ಬ ಹುಡುಗಿ. ಮೈಮೇಲೆ ಕವಚವಿಲ್ಲದ ಒಬ್ಬ ಹೆಂಗಸು ಒಂದು ಹೆಜ್ಜೆಯೂ ಹಿಂದೆ ಸರಿಯಲಾರೆ ಎಂದು ನಿಂತಲ್ಲಿಯೇ ಪ್ರಾಣ ಬಿಟ್ಟಳು. ಅವಳ ಹೆಸರನ್ನು ಮಾತ್ರ ಅವನು ಬರೆಯಲಿಲ್ಲ. ಇತಿಹಾಸದ ಪುಸ್ತಕಗಳನ್ನು ಎಷ್ಟೋ ವರ್ಷ ಕೈಯಲ್ಲಿ ಹಿಡಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಗುಡ್ಡಕ್ಕೆ ಈಗ ಜಿಷ್ಕಾನ ಹೆಸರೂ ಇದೆ, ಮೇಲೆ ಅವನ ಕುದುರೆಯೇರಿದ ದೊಡ್ಡ ವಿಗ್ರಹವೂ ಇದೆ.

ಜಿಷ್ಕಾ ೧೪೨೪ರಲ್ಲಿ ತೀರಿಕೊಂಡ. ಅವನ ಕಡೆಯ ಸೈನಿಕರು ಅಂದಿನಿಂದ ತಮ್ಮನ್ನು 'ತಬ್ಬಲಿಗಳು' ಎಂದೇ ಕರೆದುಕೊಂಡರು. ಮುಂದೆ ಒಳಜಗಳ ಬೆಳೆದು ೧೪೩೪ರಲ್ಲಿ ತಮ್ಮವರೊಡನೆಯೇ ಕಾದಾಡಿ ಆ ತಬ್ಬಲಿಗಳ ಸೈನ್ಯ ಅಳಿಯಿತು. ಆದರೆ ಅವರ ಶಬ್ದಗಳು ಅಳಿಯಲಿಲ್ಲ. ಅವರ ಜೊತೆ ಕಾದಿದ ನೆರೆಯ ಜರ್ಮನರು ಗುಂಡಿನ ಪೆಟ್ಟಿನ ಜೊತೆಗೆ ಅದರ ಹೆಸರನ್ನೂ ತಮ್ಮ ನಾಡಿಗೆ ಒಯ್ದರು. ಜನರ ಗುಂಪಿನ ಮೇಲೆ ಹೊಡೆಯುವ ಗಿಡ್ಡ ಫಿರಂಗಿಗೆ ಚೆಕ್ ಜನ ಹೌಫ್ನಿತ್ಸೆ ಎನ್ನುತ್ತಿದ್ದರು. ಹೌಫ್ ಎಂದರೆ ಗುಂಪು. ಅದೇ ಇಂದು ಎಲ್ಲ ಸೈನ್ಯಗಳಲ್ಲಿ ಇರುವ ಹೊವಿಟ್ಜರ್. ನಮ್ಮ ದೇಶದ ರಾಜಕೀಯದಲ್ಲಿ ೧೯೮೭ರಿಂದ ದೊಡ್ಡ ಗದ್ದಲ ಎಬ್ಬಿಸಿದ ಬೋಫೋರ್ಸ್ ಎಂಬುದೂ ಹೊವಿಟ್ಜರೇ. ಪೀಶ್ತ್ಯಲಾ ಎಂಬುದು ಜರ್ಮನರ ಬಾಯಲ್ಲಿ ಪಿಸ್ಟೋಲೆ ಆಯಿತು, ಫ್ರೆಂಚರಲ್ಲಿ ಪಿಸ್ತೋಲ್ ಆಯಿತು. ಹದಿನಾರನೆಯ ಶತಮಾನ ಮುಗಿಯುವ ಮುನ್ನ ಇಂಗ್ಲಿಷಿಗೂ ಬಂತು. ಶೇಕ್ಸ್‌ಪಿಯರ್ ತನ್ನ 'ನಾಲ್ಕನೆಯ ಹೆನ್ರಿ' ನಾಟಕದಲ್ಲಿ ಬಾಯಿಬಡಾಯಿಯ ಸಿಪಾಯಿಯೊಬ್ಬನಿಗೆ ಪಿಸ್ತೂಲ್ ಎಂದೇ ಹೆಸರಿಟ್ಟಿದ್ದಾನೆ. ಹೊಸ ಆಯುಧ ಅಷ್ಟು ಹೊತ್ತಿಗೆ ಹಾಸ್ಯಕ್ಕೂ ಒದಗುವಷ್ಟು ಬಳಕೆಯಾಗಿತ್ತು ಎಂದಾಯಿತು.

ಇಲ್ಲೊಂದು ವಿಷಯ ಗಮನಿಸಬೇಕು. ಬೊಹೀಮಿಯಾದ ಪೀಶ್ತ್ಯಲಾ ಇಂದಿನ ಪಿಸ್ತೂಲು ಅಲ್ಲ. ಎರಡು ಕೈಯಲ್ಲಿ ಹಿಡಿದು, ಬಂಡಿಯ ಹಲಗೆಗೆ ಆನಿಸಿ, ಕೆಂಡ ಮುಟ್ಟಿಸಿ ಹೊಡೆಯುವಂಥದ್ದು. ಅದನ್ನು ಹಿಡಿದವನು ಎದುರಿಗೆ ಕಾಣುತ್ತಿದ್ದ. ಅದು ಒಂದು ಕೈಗೆ ಇಳಿದದ್ದು ಸುಮಾರು ನೂರು ವರ್ಷದ ನಂತರ. ಈ ನಡುವಣ ಅಂತರವೇ ಪಿಸ್ತೋಯಾ ಊರಿನ ಪಕ್ಷದವರು ಹಿಡಿದುಕೊಳ್ಳುವ ವಾದ.

ಹದಿನಾರನೆಯ ಶತಮಾನದ ಆರಂಭದಲ್ಲಿ ಒಂದು ಹೊಸ ಯಂತ್ರ ಬಂತು. ಬೀಡಿ ಸಿಗರೇಟು ಹಚ್ಚುವ ಲೈಟರನ್ನು ನೀವು ನೋಡಿರುತ್ತೀರಿ. ಹೆಬ್ಬೆರಳಿನಿಂದ ಪುಟ್ಟ ಗಾಲಿ ತಿರುವಿದರೆ ಅದು ಕಲ್ಲಿಗೆ ಉಜ್ಜಿ ಕಿಡಿ ಹಾರುತ್ತದೆ. ಅದೇ ತತ್ತ್ವ. ಗಡಿಯಾರಕ್ಕೆ ಚಾವಿ ಕೊಟ್ಟಂತೆ ಉಕ್ಕಿನ ಗಾಲಿಗೆ ಚಾವಿ ಕೊಟ್ಟು ಇಟ್ಟುಕೊಳ್ಳುವುದು. ಕೀಲು ಎಳೆದಾಗ ಗಾಲಿ ಗರ್ರನೆ ತಿರುಗಿ ಕಲ್ಲಿಗೆ ಉಜ್ಜುತ್ತದೆ, ಕಿಡಿ ಬಿದ್ದು ಮದ್ದು ಹತ್ತುತ್ತದೆ. ಇನ್ನು ಕೆಂಡ ಬೇಕಿಲ್ಲ, ಹೊಗೆಯಾಡುವ ಬತ್ತಿ ಬೇಕಿಲ್ಲ. ಮುಂಚೆಯೇ ತುಂಬಿ ನಿಲುವಂಗಿಯ ಒಳಗೆ ಬಚ್ಚಿಟ್ಟುಕೊಂಡು ನಗುನಗುತ್ತ ಎದುರಿಗೆ ಬರಬಹುದು.

ಇದರ ಅಪಾಯ ಅರಸರಿಗೆ ಬೇಗ ಅರ್ಥವಾಯಿತು. ಮ್ಯಾಕ್ಸಿಮಿಲಿಯನ್ ಚಕ್ರವರ್ತಿ ೧೫೧೭ರಲ್ಲಿ ತನ್ನ ಆಸ್ಟ್ರಿಯಾ ನಾಡಿನಲ್ಲಿಯೂ ಮರುವರ್ಷ ಇಡೀ ಸಾಮ್ರಾಜ್ಯದಲ್ಲಿಯೂ ಇಂಥ ಕಿಡಿಗಾಲಿಯ ಬಂದೂಕುಗಳನ್ನು ನಿಷೇಧಿಸಿದ. ಯಾರು ಕೇಳುತ್ತಾರೆ? ೧೫೮೪ರ ಜುಲೈ ೧೦ರಂದು ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ, ಸ್ಪೇನ್ ದೊರೆಯ ವಿರುದ್ಧ ತನ್ನ ಜನರನ್ನು ಎತ್ತಿ ನಿಲ್ಲಿಸಿದ್ದ ಆರೆಂಜಿನ ವಿಲಿಯಂ ಊಟ ಮುಗಿಸಿ ಮಹಡಿಯ ಮೆಟ್ಟಿಲ ಬಳಿಗೆ ಬಂದ. ಅವನ ಕೃಪೆ ಬೇಡಿ ಬಂದವನಂತೆ ನಟಿಸುತ್ತಿದ್ದ ಬಾಲ್ತಸಾರ್ ಜೆರಾರ್ ಎಂಬಾತ ಪಿಸ್ತೂಲಿನಿಂದ ಗುಂಡು ಹಾರಿಸಿದ. ಒಂದು ನಾಡಿನ ಮುಖ್ಯಸ್ಥ ಪಿಸ್ತೂಲಿಗೆ ಬಲಿಯಾದದ್ದು ಅದೇ ಮೊದಲು ಎನ್ನುತ್ತಾರೆ. ಬಟ್ಟೆಬರೆಗೆಂದು ವಿಲಿಯಮನ ಮನೆಯಿಂದಲೇ ಸಿಕ್ಕ ಹಣದಲ್ಲಿ ಅವನು ಆ ಪಿಸ್ತೂಲುಗಳನ್ನು ಕೊಂಡನೆಂದೂ ಹೇಳುತ್ತಾರೆ. ಆ ಮನೆಯ ಗೋಡೆಯ ಮೇಲಿನ ಗುಂಡಿನ ಗುರುತನ್ನು ಇಂದಿಗೂ ನೋಡಲು ಬಂದವರಿಗೆ ತೋರಿಸುತ್ತಾರೆ.

ಬಂಡಿಯ ಮರೆಯಲ್ಲಿ ಬಡವರು ತಮ್ಮ ಜೀವ ಉಳಿಸಿಕೊಳ್ಳಲು ಹಿಡಿದ ಕೊಳವೆ, ಅಂಗಿಯ ಮರೆಯಲ್ಲಿ ಇನ್ನೊಬ್ಬರ ಜೀವ ತೆಗೆಯಲು ಹಿಡಿಯುವ ಕೊಳವೆಯಾಯಿತು. ಹೆಸರು ಮಾತ್ರ ಅದೇ ಉಳಿಯಿತು.

ಪಿಸ್ತೂಲಿನ ಬೆನ್ನು ಹತ್ತಿದ ಮೇಲೆ ನಮ್ಮ ಭಾಷೆಯ ಉಳಿದ ಹೆಸರುಗಳನ್ನೂ ನೋಡಬೇಕೆನಿಸಿತು. ತುಪಾಕಿ ಎನ್ನುತ್ತೇವೆ. ತೆಲುಗರಲ್ಲಿ, ತಮಿಳರಲ್ಲಿಯೂ ಇದು ಇದೆ. ಕೊಡವರು ತೋಕ್ ಎನ್ನುತ್ತಾರೆ. ಕೊಡಗಿನ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಹೆಣ್ಣುಮಗು ಹುಟ್ಟಿದ್ದನ್ನು ಊರಿಗೆ ಹೇಗೆ ತಿಳಿಸುತ್ತಿದ್ದರು ಎಂದು ಕೇಳುವುದು ನಿಮಗೇ ಬಿಟ್ಟದ್ದು. ಈ ತುಪಾಕಿ ಪಾರಸಿಯ ಮೂಲಕ ತುರ್ಕಿ ಭಾಷೆಯಿಂದ ಬಂದದ್ದು. ಹನ್ನೊಂದನೆಯ ಶತಮಾನದಲ್ಲಿ ಮಹಮೂದ್ ಕಾಶ್ಗರಿ ಎಂಬ ವಿದ್ವಾಂಸ ತುರ್ಕಿ ಮಾತುಗಳ ಒಂದು ಕೋಶ ಮಾಡಿದ. ಮದ್ದಿನ ಬಂದೂಕು ಆ ನಾಡಿಗೆ ಇನ್ನೂ ಬರದಿದ್ದ ಕಾಲ. ಅದರಲ್ಲಿಯೇ ಈ ಶಬ್ದದ ಹಳೆಯ ರೂಪವಿದೆ. ಆಗಿನ ಅರ್ಥ, ಹಕ್ಕಿ ಹೊಡೆಯಲು ಬಾಯಿಂದ ಊದುವ ಟೊಳ್ಳು ಕೊಳವೆ.

ಬಂದೂಕಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಅರಬ್ಬಿಯಲ್ಲಿ ಬುಂದೂಕ್ ಎಂದರೆ ಒಂದು ಬಗೆಯ ಕಾಯಿ. ಗೋಡಂಬಿ ಬಾದಾಮಿಯಂತೆ ಒಡೆದು ತಿನ್ನುವ, ಗೋಲಿಯಷ್ಟು ದುಂಡಗಿನ ಕಾಯಿ. ಕಪ್ಪು ಸಮುದ್ರದ ಕಡೆಯ ಕಾಯಿ ಎಂಬ ಅರ್ಥದ ಗ್ರೀಕ್ ಮಾತಿನಿಂದ ಅರಬ್ಬರಿಗೆ ಬಂದದ್ದು. ಆ ಕಾಯಿಯಂತೆ ದುಂಡಗಿದ್ದುದರಿಂದ ಬಿಲ್ಲಿನಿಂದ ಹೊಡೆಯುವ ಮಣ್ಣಿನ ಗುಂಡಿಗೂ ಅದೇ ಹೆಸರು ಬಂತು. ಆಮೇಲೆ ಗುಂಡು ಹೊಡೆಯುವ ಸಾಧನಕ್ಕೇ ಹೆಸರಾಯಿತು. ಕೈಬಾಂಬಿಗೆ ಗ್ರೆನೇಡ್ ಎನ್ನುತ್ತಾರಲ್ಲ, ಅದು ಫ್ರೆಂಚರ ದಾಳಿಂಬೆ ಹಣ್ಣು. ಇಂಗ್ಲಿಷರು ಫಿರಂಗಿಗೆ ಹೇಳುವ ಕ್ಯಾನನ್ ಎಂಬುದು ಹಿಂದೆ ಹಿಂದೆ ಹೋದರೆ ಕೆರೆಯ ದಂಡೆಯಲ್ಲಿ ಬೆಳೆಯುವ ಲಾಳದ ಕಡ್ಡಿ.

ಇನ್ನು ಅಚ್ಚಕನ್ನಡದ ಕೋವಿ. ಕರಿಹಲಗೆಯ ಮೊದಲ ಮನೆಗೆ ಸೇರುವ ಶಬ್ದ. ಕೋವಿ ಎಂದರೂ ಮೊದಲಿಗೆ ಕೊಳವೆಯೇ, ನಳಿಗೆಯೇ. ನನ್ನ ತಾಯಿಯ ಅಡುಗೆಮನೆಯಲ್ಲಿ ಒಲೆಯ ಪಕ್ಕ ಒಂದು ಕಬ್ಬಿಣದ ಊದುಗೊಳವೆ ಇರುತ್ತಿತ್ತು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹತ್ತದೆ ಹೊಗೆ ತುಂಬಿದಾಗ ಅವಳು ಕಣ್ಣೊರೆಸಿಕೊಳ್ಳುತ್ತ ಊದುತ್ತಿದ್ದಳು. ಈಗ ಗ್ಯಾಸು ಬಂದು ಊದುಗೊಳವೆ ಅಟ್ಟ ಸೇರಿದೆ. ಒಂದು ತುದಿಯಲ್ಲಿ ಉಸಿರು, ಇನ್ನೊಂದು ತುದಿಯಲ್ಲಿ ಬೆಂಕಿ. ಅನ್ನ ಬೇಯಿಸುವ ಸಾಧನ ಅದು. ಕೋವಿಗೂ ಅದಕ್ಕೂ ಆಕಾರದಲ್ಲಿ ಭೇದವೇನೂ ಇಲ್ಲ.

ಕೊಳಲು, ಊದುಗೊಳವೆ, ಲಾಳದ ಕಡ್ಡಿ, ಕಾಯಿ, ದಾಳಿಂಬೆ. ಭೂಮಿಯ ಮೇಲಿನ ಬೇರೆ ಬೇರೆ ಜನ ಪರಸ್ಪರ ಕೇಳದೆ ಈ ಕೊಲ್ಲುವ ಸಾಮಾನಿಗೆ ಹೆಸರು ತಂದದ್ದು ಅಡುಗೆಮನೆಯಿಂದ, ಹಿತ್ತಿಲಿನಿಂದ, ಮಕ್ಕಳ ಆಟದಿಂದ. ಇದನ್ನು ನಾನು ಬಹಳ ಯೋಚಿಸಿದ್ದೇನೆ. ಕಂಡರಿಯದ ವಸ್ತು ಎದುರಿಗೆ ಬಂದಾಗ ಮನುಷ್ಯ ತನಗೆ ಗೊತ್ತಿರುವ ವಸ್ತುವಿನ ಹೆಸರಿನಿಂದ ಅದನ್ನು ಕರೆಯುತ್ತಾನೆ. ಹಾಗೆ ಕರೆದಾಗ ಅರ್ಧ ಹೆದರಿಕೆ ಹೋಗುತ್ತದೆ. ಸಿಡುಬು ಬಂದರೆ ಅಮ್ಮ ಬಂದಳು ಎನ್ನುತ್ತಿದ್ದೆವು, ಹಾವಿಗೆ ನಾಗಪ್ಪ ಎನ್ನುತ್ತೇವೆ. ಆದರೆ ಹೆದರಿಕೆ ಹೋದ ಮೇಲೆ ಎಚ್ಚರವೂ ಹೋಗುತ್ತದೆ. ದೀಪಾವಳಿಯಲ್ಲಿ ನಾಲ್ಕು ವರ್ಷದ ಮಗುವಿನ ಕೈಗೆ ಪಿಸ್ತೂಲು ಕೊಟ್ಟು, ಕೇಪು ಹಾಕಿಕೊಟ್ಟು, ಅದು ಅಜ್ಜಿಯ ಕಡೆಗೆ ಗುರಿ ಹಿಡಿದು ಢಂ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಅಜ್ಜಿಯೂ ಸತ್ತವಳಂತೆ ಕಣ್ಣು ಮುಚ್ಚಿ ನಗುತ್ತಾಳೆ.

ನನ್ನ ತರಗತಿ ಸುಮ್ಮನಾದ ಕಾರಣಕ್ಕೆ ಈಗ ಬರುತ್ತೇನೆ. ಆ ಪಾಠಕ್ಕೆ ಕೆಲವೇ ದಿನ ಮುಂಚೆ, ೨೦೧೫ರ ಆಗಸ್ಟ್ ೩೦ರ ಭಾನುವಾರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದಿದ್ದರು. ಎಪ್ಪತ್ತಾರು ವರ್ಷದ ಹಿರಿಯರು. ಶಾಸನ, ವಚನ, ಹಸ್ತಪ್ರತಿ ಎಂದು ಜೀವಮಾನವೆಲ್ಲ ಕನ್ನಡದ ಹಳೆಯ ಮಾತುಗಳ ಬೆನ್ನು ಹತ್ತಿದವರು. ಊರ ಹೆಸರು, ಮನೆತನದ ಹೆಸರುಗಳ ಒಳಗೆ ಎಷ್ಟು ಇತಿಹಾಸ ಅಡಗಿದೆ ಎಂದು ನಮಗೆಲ್ಲ ತೋರಿಸಿಕೊಟ್ಟವರು. ಅವರ 'ಮಾರ್ಗ' ಸಂಪುಟಗಳಲ್ಲಿ ನಾಲ್ಕನೆಯದಕ್ಕೆ ೨೦೦೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಅವರ ಮಾತನ್ನು ಒಪ್ಪದವರು ಇದ್ದರು, ಇರುವುದು ಸಹಜ. ಒಪ್ಪದವರು ಇನ್ನೊಂದು ಪುಸ್ತಕ ಬರೆಯಬೇಕು. ಅದು ವಿದ್ಯೆ ಕಲಿತವರ ರೀತಿ.

ಬಾಗಿಲು ತಟ್ಟಿದವರಿಗೆ ಬಾಗಿಲು ತೆರೆಯುವುದು ನಮ್ಮ ಊರುಗಳ ರೀತಿ. ಭಾನುವಾರ ಬೆಳಿಗ್ಗೆ ಮೇಷ್ಟರ ಮನೆಗೆ ಯಾರೋ ಹುಡುಗರು ಬಂದರೆ ಪಾಠ ಕೇಳಲೋ ಪುಸ್ತಕ ಕೇಳಲೋ ಬಂದಿದ್ದಾರೆ ಎಂದೇ ಯಾವ ಮನೆಯಾಕೆಯಾದರೂ ತಿಳಿಯುತ್ತಾಳೆ. ಚಹಾಕ್ಕೆ ನೀರು ಇಡುತ್ತಾಳೆ. ನಿಲುವಂಗಿಯೊಳಗೆ ಬಚ್ಚಿಡುವ ಆಯುಧಕ್ಕೆ ಮ್ಯಾಕ್ಸಿಮಿಲಿಯನ್ ಯಾಕೆ ಹೆದರಿದ್ದನೆಂಬುದು ಆ ದಿನ ನಮ್ಮ ಊರಿನ ಹೆಂಗಸರಿಗೆಲ್ಲ ಅರ್ಥವಾಯಿತು. ಅದಾದ ಮೇಲೆ ಬಹಳ ದಿನ ನಾನೂ ಬಾಗಿಲು ತೆರೆಯುವ ಮುನ್ನ ಕಿಟಕಿಯಿಂದ ನೋಡುತ್ತಿದ್ದೆ. ಎರಡು ವರ್ಷ ಕಳೆದು, ೨೦೧೭ರ ಸೆಪ್ಟೆಂಬರ್ ೫ರಂದು, ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ಅದು ಶಿಕ್ಷಕರ ದಿನಾಚರಣೆ. ಮಕ್ಕಳು ಕೊಟ್ಟ ಗುಲಾಬಿಗಳನ್ನು ನೀರಿನ ಲೋಟದಲ್ಲಿ ಇಟ್ಟಿದ್ದೆ. ರಾತ್ರಿ ದೂರದರ್ಶನದಲ್ಲಿ ಸುದ್ದಿ ಬಂತು.

ಆ ದಿನಗಳ ಪತ್ರಿಕೆಗಳಲ್ಲಿ 'ನಾಡಪಿಸ್ತೂಲು' ಎಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಅಲ್ಲದೆ ಎಲ್ಲೋ ಗುಟ್ಟಾಗಿ ತಯಾರಿಸಿದ್ದು ಎಂದು ಅದರ ಅರ್ಥ. ನಾಡಗೀತೆ, ನಾಡಹಬ್ಬ, ನಾಡದೇವಿ ಎಂದು ಮಕ್ಕಳಿಗೆ ಸಮಾಸ ಬಿಡಿಸಿ ಹೇಳುವವಳು ನಾನು. ನಾಡ ಎಂಬ ನಮ್ಮ ಅಷ್ಟು ಒಳ್ಳೆಯ ಶಬ್ದದ ಪಕ್ಕದಲ್ಲಿ ಈ ಶಬ್ದ ಬಂದು ಕುಳಿತದ್ದನ್ನು ಓದುವಾಗ, ಮನೆಯ ಮಗಳ ಪಕ್ಕದಲ್ಲಿ ಸಲ್ಲದವನು ಬಂದು ಕುಳಿತಂತೆ ಸಂಕಟವಾಯಿತು. ವ್ಯಾಕರಣದ ಪ್ರಕಾರ ಅದೂ ಸಮಾಸವೇ, ಕನ್ನಡದ ಶಬ್ದಕ್ಕೆ ಅನ್ಯದೇಶ್ಯ ಕೂಡಿದ್ದು. ಆದರೆ ಅದನ್ನು ಕರಿಹಲಗೆಯ ಮೇಲೆ ಉದಾಹರಣೆಯಾಗಿ ಬರೆಯಲು ಇಂದಿಗೂ ನನ್ನ ಕೈ ಏಳುವುದಿಲ್ಲ.

ಇಷ್ಟಾದರೂ ಬೊಹೀಮಿಯಾದ ಕಥೆ ನನಗೆ ಒಂದು ಸಮಾಧಾನ ಕೊಟ್ಟಿದೆ. ಹುಸ್‌ನನ್ನು ಸುಟ್ಟು ಬೂದಿಯನ್ನೂ ಉಳಿಸದವರು ಅವನ ಮಾತು ಮುಗಿಯಿತೆಂದು ತಿಳಿದರು. ಇಂದು ಪ್ರಾಗ್ ನಗರದ ಪ್ರತಿ ಅಂಗಡಿಯ ಹಲಗೆಯ ಮೇಲೆ, ಪ್ರತಿ ಮಗುವಿನ ನೋಟುಪುಸ್ತಕದಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಆ ಗುರುತುಗಳಿವೆ. ಸುಟ್ಟ ದಿನವಾದ ಜುಲೈ ೬ ಚೆಕ್ ದೇಶದಲ್ಲಿ ರಾಷ್ಟ್ರೀಯ ರಜೆ. ಸುಡಿಸಿದವರ ಹೆಸರು ನನಗೆ ಪುಸ್ತಕ ತೆರೆದು ನೋಡಿದರೆ ಮಾತ್ರ ನೆನಪಾಗುತ್ತದೆ. ಧಾರವಾಡದ ಗ್ರಂಥಾಲಯಗಳಲ್ಲಿಯೂ 'ಮಾರ್ಗ' ಸಂಪುಟಗಳು ಕಪಾಟಿನಲ್ಲಿವೆ, ಹುಡುಗರು ಹುಡುಗಿಯರು ಎರವಲು ಒಯ್ಯುತ್ತಾರೆ.

ಕೊನೆಗೆ ತವರಿನ ಮಾತೊಂದು ಉಳಿದಿದೆ. ಚೆಕ್ ಜನ ಇಂದು ಪಿಸ್ತೂಲಿಗೆ ಪೀಶ್ತ್ಯಲಾ ಎನ್ನುವುದಿಲ್ಲ, ಪಿಸ್ತೊಲೆ ಎನ್ನುತ್ತಾರೆ. ಜರ್ಮನರಿಂದ ಎರವಲು ಪಡೆದ ಮಾತು ಅದು. ತಮ್ಮ ಮನೆಯ ಮಗಳೇ ಬೇರೆ ವೇಷದಲ್ಲಿ, ಬೇರೆ ಹೆಸರಿನಲ್ಲಿ ತಿರುಗಿ ಬಂದಳು. ತವರಿನವರಿಗೆ ಗುರುತು ಸಿಗಲಿಲ್ಲ, ಪರಕೀಯಳೆಂದೇ ಒಳಗೆ ಕರೆದುಕೊಂಡರು. ಹಳೆಯ ಪೀಶ್ತ್ಯಲಾ ಮಾತ್ರ ಊರು ಬಿಟ್ಟು ಹೋಗಲೇ ಇಲ್ಲ. ಅದು ಈಗಲೂ ಮಕ್ಕಳ ಬಾಯಲ್ಲಿಡುವ ಸೀಟಿ, ಕುರಿ ಕಾಯುವವನ ಕೊಳಲು, ಚರ್ಚಿನ ದೊಡ್ಡ ವಾದ್ಯದಲ್ಲಿ ಸಾಲಾಗಿ ನಿಂತ ನಳಿಗೆ. ಆರು ನೂರು ವರ್ಷಗಳ ಹಿಂದೆ ಸ್ವಲ್ಪ ಕಾಲ ಅದರೊಳಗೆ ಮದ್ದು ತುಂಬಿದ್ದರು. ಮತ್ತೆ ಅದು ಉಸಿರು ತುಂಬುವ ಕೊಳವೆಯಾಗಿಯೇ ಬಾಳುತ್ತಿದೆ.